ಬೆಳಕಿಂಡಿ ಇಲ್ಲದ ಕೋಣೆ

ಸುರಪುರದ ನನ್ನ ತವರುಮನೆಗೆ ಮೊದಲು ಮಣ್ಣಿನ ಮಾಳಿಗೆ ಇತ್ತು. ಅಡುಗೆಮನೆಯ ನೆತ್ತಿಗೆ ಒಂದು, ಬಾಣಂತಿ ಕೋಣೆಯ ನೆತ್ತಿಗೆ ಒಂದು ಬೆಳಕಿಂಡಿ. ಮಳೆ ಬಂತೆಂದರೆ ಅಣ್ಣ ಮಾಳಿಗೆ ಹತ್ತಿ ಅವುಗಳ ಮೇಲೆ ತಗಡು ಮುಚ್ಚಿ ಬರುತ್ತಿದ್ದ. ಅಜ್ಜಿ, ಅವ್ವ, ದೊಡ್ಡವ್ವ ಎಲ್ಲರ ಬಾಣಂತನವೂ ಆ ಕೋಣೆಯಲ್ಲೇ ಆಗಿತ್ತು. ನನ್ನ ಮದುವೆಗೆ ಮುಂಚೆ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದೆವು. ಸೋರುವ ಕಾಟ ತಪ್ಪಿತೆಂದು ಎಲ್ಲರಿಗೂ ಸಂತೋಷ. ಸ್ಲ್ಯಾಬಿನಲ್ಲಿ ಬೆಳಕಿಂಡಿ ಬಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಒಂದು ಮರೆವು ನನ್ನನ್ನು, ಅವ್ವನನ್ನು, 16 ದಿನದ ನನ್ನ ಕೂಸನ್ನು ಒಂದೇ ರಾತ್ರಿಯಲ್ಲಿ ಒಯ್ಯುವುದರಲ್ಲಿತ್ತು.

ನಮ್ಮ ಕಡೆ ಬೇಸಿಗೆಯ ಬಿಸಿಲಿನ ಬಗ್ಗೆ ಎಲ್ಲರಿಗೂ ಗೊತ್ತು. ಎಳ್ಳ ಅಮಾವಾಸ್ಯೆಯ ಹೊತ್ತಿನ ಚಳಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಬೆಟ್ಟದ ಊರು, ಸುತ್ತಲೂ ಬಂಡೆ. ಹಗಲು ಕಾದ ಕಲ್ಲು ನಸುಕಿನ ಹೊತ್ತಿಗೆ ಮಂಜಿನಂತೆ ಕೊರೆಯುತ್ತದೆ. ನನ್ನ ಹೆರಿಗೆ ಆದದ್ದು ಆ ಚಳಿಯಲ್ಲೇ. ಅವ್ವ ರೂಢಿಯಂತೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಅಂಟಿನ ಉಂಡೆ, ಅಳವಿ ಪಾಯಸ, ಕಿವಿಗೆ ಕಟ್ಟಲು ಅರಿವೆ, ಮಲಗಲು ಹೊರಸು. ಹೊರಸಿನ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಜಾಲಿ ಕಟ್ಟಿಗೆಯ ಕೆಂಡ.

ಅವ್ವ ಹಸಿ ಹೊಗೆಯನ್ನು ಒಳಗೆ ಬಿಟ್ಟುಕೊಂಡವಳಲ್ಲ. ಕಟ್ಟಿಗೆ ಅಂಗಳದಲ್ಲೇ ಉರಿಯಬೇಕು, ಹೊಗೆಯೆಲ್ಲ ಅಲ್ಲೇ ಹೋಗಬೇಕು, ನಿಗಿನಿಗಿ ಕೆಂಡ ಉಳಿದ ಮೇಲೆಯೇ ಬುಟ್ಟಿಗೆ ತುಂಬಿ ಒಳಗೆ ತರಬೇಕು. ಮೇಲೊಂದು ಪದರ ಬೂದಿ ಮುಚ್ಚಿದರೆ ಬೆಳಗಿನ ತನಕ ಕಾವು. “ಹೊಗಿ ಇಲ್ಲ, ಏನಿಲ್ಲ, ನಿಶ್ಚಿಂತಿ ಮಲಕ್ಕೋ” ಎನ್ನುತ್ತಿದ್ದಳು. ಗಾಜಿನ ಕಿಟಕಿ ಎಳೆದು, ಬಾಗಿಲು ಮುಂದೆ ಮಾಡಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಕೌದಿ ಮಡಚಿ ತುರುಕುತ್ತಿದ್ದಳು. ಬಾಣಂತಿಗೆ ಗಾಳಿ ಬಡಿಯಬಾರದು.

ಐದಾರು ದಿನದಿಂದ ಬೆಳಗ್ಗೆ ಏಳುವಾಗ ನನಗೆ ತಲೆ ಸಿಡಿಯುತ್ತಿತ್ತು. ಹೊಟ್ಟೆ ತೊಳಸಿದಂತಾಗುತ್ತಿತ್ತು. ಹತ್ತು ಗಂಟೆಗೆ ಅಂಗಳದ ಬಿಸಿಲಿಗೆ ಕೂತರೆ ಅರ್ಧ ತಾಸಿನಲ್ಲಿ ಎಲ್ಲ ಇಳಿದುಹೋಗುತ್ತಿತ್ತು. ಅವ್ವನಿಗೂ ತಲೆನೋವು, ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡಳು. ನನಗೆ ದೃಷ್ಟಿ ತೆಗೆದರು, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಇನ್ನೊಂದು ಸಂಗತಿ ನೆನೆದರೆ ಈಗಲೂ ಮೈ ನಡುಗುತ್ತದೆ. ಕೂಸು ರಾತ್ರಿ ಅಳುವುದನ್ನೇ ಬಿಟ್ಟಿತ್ತು. ನೋಡಲು ಬಂದವರೆಲ್ಲ “ಎಷ್ಟ್ ಶಾಣ್ಯಾ ಕೂಸದವ್ವ, ರಾತ್ರಿ ಎಲ್ಲಾ ಮಲಗ್ತದ” ಎಂದು ಹೊಗಳಿದರು. ನಾವು ಹಿಗ್ಗಿದೆವು.

ಹದಿನಾರನೆಯ ರಾತ್ರಿ ಚಳಿ ಹೆಚ್ಚೆಂದು ಅವ್ವ ಇನ್ನೆರಡು ಸಲಿಕೆ ಕೆಂಡ ಹಾಕಿದಳು. ಎಷ್ಟು ಹೊತ್ತಿಗೋ ನನಗೆ ಎಚ್ಚರವಾಯಿತು. ಎದೆ ಹಾಲು ಕಟ್ಟಿ ಭಾರವಾಗಿತ್ತು, ಕೂಸು ಎದ್ದಿರಲಿಲ್ಲ. ಎತ್ತಿಕೊಳ್ಳಲು ಕೈ ಚಾಚಿದೆ, ಕೈ ಬರಲಿಲ್ಲ. ಏನೋ ಕೆಟ್ಟದ್ದಾಗುತ್ತಿದೆ, ಬಾಗಿಲು ತೆಗೆಯಬೇಕು ಎಂಬುದು ತಲೆಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಕಾಲುಗಳು ಮಾತ್ರ ಬೇರೆ ಯಾರವೋ ಎಂಬಂತೆ ಬಿದ್ದಿದ್ದವು. “ಅವ್ವಾ” ಎಂದೆ. ಸದ್ದು ಗಂಟಲಲ್ಲೇ ಉಳಿಯಿತು. ಹೊರಳಿದೆ, ಹೊರಸಿನಿಂದ ಕೆಳಗೆ ಬಿದ್ದೆ. ಬೀಳುವಾಗ ಮೊಣಕೈ ತಾಗಿ ನೀರಿನ ತಂಬಿಗೆ ಉರುಳಿತು. ಹಿತ್ತಾಳೆಯ ತಂಬಿಗೆ ಪರ್ಶಿಯ ಮೇಲೆ ಠಣಠಣ ಎನ್ನುತ್ತ ಗೋಡೆಯ ತನಕ ಹೋಯಿತು. ನನ್ನ ನೆನಪು ಅಲ್ಲಿಗೆ ನಿಂತಿದೆ.

ಪಡಸಾಲೆಯಲ್ಲಿ ಮಲಗಿದ್ದ ಅಣ್ಣನಿಗೆ ಆ ಸದ್ದು ಕೇಳಿಸಿತು. ಕೂಗಿದರೆ ಒಳಗಿನಿಂದ ಉತ್ತರವಿಲ್ಲ. ಕೌದಿ ಸಿಕ್ಕಿಕೊಂಡ ಬಾಗಿಲನ್ನು ಹೆಗಲು ಕೊಟ್ಟು ತಳ್ಳಿದ. ಮೊದಲು ಕೂಸನ್ನು, ಆಮೇಲೆ ನನ್ನನ್ನು, ಕೊನೆಗೆ ಅವ್ವನನ್ನು ಅಂಗಳಕ್ಕೆ ಎಳೆದು ತಂದ. ಮೂರನೆಯ ಸಲ ಹೊರಗೆ ಬಂದಾಗ ಅವನಿಗೇ ತಲೆ ಸುತ್ತಿ ವಾಂತಿಯಾಯಿತು. ಕೂಸು ಒದ್ದೆ ಅರಿವೆಯಂತೆ ಜೋತುಬಿದ್ದಿತ್ತಂತೆ. ತಣ್ಣನೆಯ ಗಾಳಿ ತಾಗಿ ಸ್ವಲ್ಪ ಹೊತ್ತಾದ ಮೇಲೆ ಒಮ್ಮೆ ಬಿಕ್ಕಿತು, ಮತ್ತೆ ಅತ್ತಿತು. ಯಾವ ಗಾಳಿ ಬಡಿಯಬಾರದೆಂದು ಕೌದಿ ತುರುಕಿದ್ದೆವೋ ಅದೇ ಗಾಳಿ ನಮ್ಮನ್ನು ಉಳಿಸಿತು.

ಟಂಟಂನಲ್ಲಿ ಹತ್ತಿರದ ದವಾಖಾನೆಗೆ ಒಯ್ದರು. ಅಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರೆ 99 ತೋರಿಸಿತು. ಆಮ್ಲಜನಕ ಸರಿ ಇದೆ, ಬಾಣಂತಿ ಸನ್ನಿ ಇರಬಹುದು ಎಂದರು. ಅಣ್ಣನಿಗೆ ಸಮಾಧಾನವಾಗಲಿಲ್ಲ. ಹತ್ತಿಗೂಡೂರು ದಾಟಿ ಶಹಾಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ಎರಡೇ ಪ್ರಶ್ನೆ ಕೇಳಿದರು: “ಕೋಣ್ಯಾಗ ಬೆಂಕಿ ಇತ್ತೇನು? ಮನ್ಯಾಗ ಮತ್ಯಾರಿಗರ ತಲಿನೋವು ಅದ ಏನು?” ಅಣ್ಣ ಹೌದೆಂದ ಕೂಡಲೆ ಮೂವರಿಗೂ ಆಮ್ಲಜನಕದ ಮಾಸ್ಕ್ ಬಿತ್ತು. ತಾಸುಗಟ್ಟಲೆ ತೆಗೆಯಲಿಲ್ಲ.

ಅವರು ಆಮೇಲೆ ಬಿಡಿಸಿ ಹೇಳಿದ್ದನ್ನು ನಾನು ಮರೆತಿಲ್ಲ. ಕೆಂಡವಾಗಲಿ ಗ್ಯಾಸಾಗಲಿ ಸಾಕಷ್ಟು ಗಾಳಿ ಸಿಗದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತಿರುತ್ತದೆ. ಬೆರಳಿನ ಕ್ಲಿಪ್ಪಿಗೆ ಎರಡೂ ಒಂದೇ ಥರ ಕಾಣುವುದರಿಂದ ಅಂಕಿ ಚೆನ್ನಾಗಿಯೇ ಬರುತ್ತದೆ. ನಿಜ ತಿಳಿಯಲು ರಕ್ತದಲ್ಲಿ ಅದನ್ನೇ ಅಳೆಯುವ ಪರೀಕ್ಷೆ ಬೇಕು. ಬರೀ ಗಾಳಿಯಲ್ಲಿ ಅದರ ಅರ್ಧ ಭಾಗ ಇಳಿಯಲು ನಾಲ್ಕೈದು ತಾಸು ಬೇಕು, ಮಾಸ್ಕಿನ ಶುದ್ಧ ಆಮ್ಲಜನಕದಲ್ಲಿ ಒಂದು ಒಂದೂವರೆ ತಾಸು. ಕೂಸುಗಳ ಉಸಿರಾಟ ವೇಗವಾದ್ದರಿಂದ ಅವಕ್ಕೆ ವಿಷ ಬೇಗ ಏರುತ್ತದೆ. ನನ್ನ ಮಗಳದು ಶಾಣ್ಯಾತನ ಆಗಿರಲಿಲ್ಲ, ಅಮಲು ಆಗಿತ್ತು.

ಕೂಸು, ನಾನು ಬೇಗ ಚೇತರಿಸಿಕೊಂಡೆವು. ಅವ್ವ ಮನೆಗೆ ಬಂದು ಎರಡು ವಾರ ಚೆನ್ನಾಗಿದ್ದು ಆಮೇಲೆ ಮರೆಯತೊಡಗಿದಳು. ಒಲೆಯ ಮೇಲೆ ಎಸರಿಟ್ಟು ಜೋಳದ ಹಿಟ್ಟು ಎಲ್ಲಿದೆಯೆಂದು ಹುಡುಕುತ್ತಿದ್ದಳು. ಬೇಳೆಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಈ ವಿಷದ ಏಟು ಹೀಗೆ ತಡವಾಗಿಯೂ ಮಿದುಳಿಗೆ ತಾಗುವುದುಂಟಂತೆ. ಸರಿಹೋಗಲು ತಿಂಗಳುಗಳೇ ಬೇಕಾದವು. ಅದಕ್ಕಿಂತ ಹೆಚ್ಚು ಅವಳನ್ನು ತಿಂದದ್ದು “ನನ್ನ ಕೈಲೇ ಕೆಂಡಾ ಹಾಕಿದೆನಲ್ಲ” ಎಂಬ ಕೊರಗು. ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ತಪ್ಪು ನಿನ್ನದಲ್ಲ. ನಿನ್ನ ಅವ್ವನೂ ಕೆಂಡ ಹಾಕಿದ್ದಳು, ಆದರೆ ಅವಳ ನೆತ್ತಿಯ ಮೇಲೆ ಬೆಳಕಿಂಡಿ ಇತ್ತು. ನಾವು ಮನೆ ಬದಲಿಸಿದೆವು, ರೂಢಿ ಬದಲಿಸಲಿಲ್ಲ.

ಇದು ಕೆಂಡದ ಮಾತು ಮಾತ್ರ ಅಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಪ್ರವಾಸ ಹೋಗಿದ್ದ ಕೇರಳದ ಎಂಟು ಜನ, ಅವರಲ್ಲಿ ನಾಲ್ವರು ಮಕ್ಕಳು, ರೆಸಾರ್ಟಿನ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿ ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಯಾದಗಿರಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇತ್ತು. ಚಳಿ ಬರುತ್ತದೆಂದು ಹಿಂದಿನವರು ಮೇಲಿನ ಜಾಲಿ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಒಂದು ದಿನ ಯಜಮಾನರು ಸ್ನಾನ ಮುಗಿಸಿ ಬಂದು ತಲೆ ಹಿಡಿದುಕೊಂಡು ಕೂತರು. ನನಗೆ ತಕ್ಷಣ ಆ ತಂಬಿಗೆಯ ಸದ್ದು ಕೇಳಿಸಿತು. ಅಂದೇ ಪ್ಲಾಸ್ಟಿಕ್ ಕಿತ್ತೆ. ವಾರದೊಳಗೆ ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿದೆವು. ಸಿಲಿಂಡರ್ ಸೋರಿದರೆ ವಾಸನೆ ಬರುತ್ತದೆ, ಏಕೆಂದರೆ ಆ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಉರಿದ ಗ್ಯಾಸಿನಿಂದ ಹುಟ್ಟುವ ವಿಷಕ್ಕೆ ಆ ಎಚ್ಚರಿಕೆಯೂ ಇಲ್ಲ. ಶಟರ್ ಎಳೆದ ಅಂಗಡಿಯೊಳಗೆ ಓಡುವ ಜನರೇಟರ್, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಚಾಲೂ ಇಟ್ಟ ಗಾಡಿ ಉಗುಳುವುದೂ ಇದನ್ನೇ.

ಓದುವ ತಾಯಂದಿರಲ್ಲಿ ನನ್ನ ಬೇಡಿಕೆ ಇಷ್ಟೇ. ಉರಿಯುವ ಯಾವುದನ್ನೂ ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆ ನೋಯುತ್ತಿದ್ದರೆ, ಹೊರಗೆ ಬಂದಾಗ ಅದು ಇಳಿದರೆ, ದೃಷ್ಟಿ ತೆಗೆಯುವ ಮೊದಲು ಕಿಟಕಿ ತೆಗೆಯಿರಿ. ಯಾರಾದರೂ ಬಿದ್ದಿದ್ದರೆ ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಡಾಕ್ಟರಿಗೆ ಮೊದಲ ಮಾತಾಗಿ “ಕೋಣೆಯಲ್ಲಿ ಬೆಂಕಿ ಇತ್ತು” ಎಂದು ಹೇಳಿ.

ಎರಡು ವರ್ಷದ ನಂತರ ಅತ್ತಿಗೆ ಹೆತ್ತು ಅದೇ ಕೋಣೆಗೆ ಬಂದಳು. ಅದಕ್ಕೆ ಮೊದಲು ಅಣ್ಣ ಗೌಂಡಿಯನ್ನು ಕರೆಸಿ ಗೋಡೆಯ ಮೇಲ್ಭಾಗದಲ್ಲಿ ಒಂದು, ಬುಡದಲ್ಲಿ ಒಂದು ಕಿಂಡಿ ಕೊರೆಸಿ ಜಾಲರಿ ಹಾಕಿಸಿದ. ಕೆಂಡದ ಬುಟ್ಟಿ ಅಂಗಳದಲ್ಲೇ ಉಳಿಯಿತು. ಅವ್ವ ಅಲ್ಲಿ ಕೂತು ಅರಿವೆ ಕಾಯಿಸಿ, ಮಡಚಿ, ಎದೆಗೆ ಅವುಚಿಕೊಂಡು ಒಳಗೆ ತರುತ್ತಿದ್ದಳು. ಸೊಸೆಯ ಬೆನ್ನಿಗೆ, ಸೊಂಟಕ್ಕೆ ಶೇಕ ಕೊಟ್ಟು ಮತ್ತೆ ಅಂಗಳಕ್ಕೆ ಹೋಗುತ್ತಿದ್ದಳು. ರಾತ್ರಿ ಎಷ್ಟು ಸಲ ಹೀಗೆ ಓಡಾಡಿದಳೋ ಲೆಕ್ಕವಿಲ್ಲ. ಆ ಕೂಸು ರಾತ್ರಿಯೆಲ್ಲ ಅಳುತ್ತಿತ್ತು. ಅತ್ತಾಗಲೆಲ್ಲ ಅವ್ವ ಕತ್ತಲಲ್ಲೇ ಕೈ ಮುಗಿಯುತ್ತಿದ್ದಳು.