ಇಪ್ಪತ್ತು ನಿಮಿಷ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ನಾಗಬನ ಕಾಣದ ಊರು ಅಪರೂಪ. ಬನದಲ್ಲಿ ತನು ಎರೆಯುವ ನಾವೇ, ಗದ್ದೆಯಂಚಿನಲ್ಲಿ ಹಾವು ಕಚ್ಚಿತೆಂದರೆ ಹಗ್ಗ ಹುಡುಕಿ ಕಾಲಿಗೆ ಬಿಗಿಯುತ್ತೇವೆ. ಏನೂ ಮಾಡದೆ ನಿಲ್ಲುವುದು ಬಂಧುಗಳಿಗೆ ಶಕ್ಯವೆ? ನನಗಂತೂ ಅಲ್ಲ. ಆದರೆ ಬಿಗಿದ ಕಟ್ಟಿನಿಂದ ಕಾಲೇ ಕೊಳೆತೀತೆಂದೂ, ಕೊಯ್ದು ಹೀರಿ ಪ್ರಯೋಜನವಿಲ್ಲವೆಂದೂ ಸಂಶೋಧನೆ ಹೇಳುತ್ತದೆ. ಕಾಲನ್ನು ಅಲುಗಿಸದೆ ಬೇಗನೆ ಆಸ್ಪತ್ರೆಗೆ ಒಯ್ಯುವುದೇ ಉಪಕಾರ.

ಅಲ್ಲಿ ವೈದ್ಯರು 2 ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿಟ್ಟು 20 ನಿಮಿಷ ಕಾಯುತ್ತಾರೆ. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷವೇರಿದೆಯೆಂದು ಪ್ರತಿವಿಷ ಕೊಡುತ್ತಾರೆ. ಹೆಪ್ಪುಗಟ್ಟಿದರೂ ಬಿಡರು, ನಾಗರ, ಕಟ್ಟುಹಾವುಗಳ ವಿಷಕ್ಕೆ ರೆಪ್ಪೆ ಜೋತೀತೆ ಎಂದು ನೋಡುತ್ತಲೇ ಇರುತ್ತಾರೆ. ಹೊರಗೆ ಬೆಂಚಿನಲ್ಲಿ ಕುಳಿತವರಿಗೆ ಇದು ಉದಾಸೀನದಂತೆ ಕಾಣುತ್ತದೆ. ಆ ಕಾಯುವಿಕೆಯೂ ಚಿಕಿತ್ಸೆಯ ಭಾಗವೇ ಎಂದು ಅವರಿಗೆ ಯಾರಾದರೂ ಹೇಳಬೇಕು.