‘ನಾವು’ ಎಂದರೆ ಯಾರು?

ಲ್ಯಾಟಿನ್ನನ್ನು ವಕೀಲರು ಬಿಟ್ಟಿಲ್ಲ, ವೈದ್ಯರು ಬಿಟ್ಟಿಲ್ಲ. ಗಿಡಗಳಿಗೆ ಶಾಸ್ತ್ರೀಯ ಹೆಸರಿಡುವವರಂತೂ ಬಿಡುವಂತೆಯೇ ಇಲ್ಲ. ಆದರೆ ಕಟ್ಟಡದೊಳಕ್ಕೆ ಗಾಲಿಕುರ್ಚಿ ಹೋದೀತೇ, ಲಿಫ್ಟಿನ ಗುಂಡಿಯ ಮೇಲೆ ಬ್ರೈಲ್ ಇದೆಯೇ ಎಂದು ನೋಡಿ ವರದಿ ಕೊಡುವ ಸಲಹಾ ಸಂಸ್ಥೆಯೊಂದು ಲ್ಯಾಟಿನ್ನಿನಲ್ಲಿ ಹೆಸರಿಟ್ಟುಕೊಂಡರೆ ಮೊದಲು ನಗು ಬರುತ್ತದೆ. ಊರ ಮೆಟ್ಟಿಲುಗಳನ್ನೆಲ್ಲ ತೆಗೆಸಲು ಹೊರಟವರು ತಮ್ಮ ಫಲಕದಲ್ಲೇ ಒಂದು ಮೆಟ್ಟಿಲು ಕಟ್ಟಿಕೊಂಡರಲ್ಲ!

ನಕ್ಕು ಮುಗಿಸಿದ ಮೇಲೆ ಒಪ್ಪಲೇಬೇಕು, ಈ ಕಸುಬಿಗೆ ಹೇಳಿ ಮಾಡಿಸಿದಂಥ ಲ್ಯಾಟಿನ್ ಮಾತೊಂದಿದೆ: ‘ನಿಹಿಲ್ ದೆ ನೋಬಿಸ್, ಸಿನೆ ನೋಬಿಸ್’. ನಮ್ಮನ್ನು ಹೊರಗಿಟ್ಟು ನಮ್ಮ ವಿಷಯ ತೀರ್ಮಾನಿಸಬೇಡಿ ಎಂದು ಅದರ ತಾತ್ಪರ್ಯ. ಅಂಗವಿಕಲರ ಚಳವಳಿಯ ಘೋಷಣೆಯೂ ಇದೇ, ಇಂಗ್ಲಿಷಿನಲ್ಲಿ. ಅಮೆರಿಕದ ಜೇಮ್ಸ್ ಚಾರ್ಲ್‌ಟನ್ 1998ರಲ್ಲಿ ತಮ್ಮ ಪುಸ್ತಕಕ್ಕೆ ಅದನ್ನೇ ಹೆಸರಾಗಿಟ್ಟರು. ಅವರ ಕಿವಿಗೆ ಅದು ಬಿದ್ದದ್ದು 1993ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ಹೇಳಿದವರು ಅಲ್ಲಿನ ಚಳವಳಿಯ ಮುಂದಾಳುಗಳಾದ ಮೈಕೆಲ್ ಮಸುಥಾ ಮತ್ತು ವಿಲಿಯಂ ರೋಲ್ಯಾಂಡ್. ಅವರು ಅದನ್ನು ಪೂರ್ವ ಯುರೋಪಿನ ಕಡೆಯವರೊಬ್ಬರಿಂದ ಕೇಳಿದ್ದರಂತೆ.

ಆ ಜಾಡು ಹಿಡಿದು ಹೋದವರು ಸಾಮಾನ್ಯವಾಗಿ ಪೋಲೆಂಡಿಗೆ ಬಂದು ನಿಲ್ಲುತ್ತಾರೆ. 1505ರಲ್ಲಿ ರಾಡೊಮ್ ಎಂಬ ಊರಿನಲ್ಲಿ ಸೇರಿದ ಸಂಸತ್ತು ದೊರೆ ಅಲೆಕ್ಸಾಂಡರನ ಕೈ ಕಟ್ಟಿತು: ನಮ್ಮ ಒಪ್ಪಿಗೆಯಿಲ್ಲದೆ ಹೊಸ ಕಾನೂನು ಮಾಡುವಂತಿಲ್ಲ. ಆ ಕಾಯಿದೆಯ ಹೆಸರೂ ಲ್ಯಾಟಿನ್ನೇ, ‘ನಿಹಿಲ್ ನೋವಿ’. ಕೇಳಲು ಎಷ್ಟು ಚೆನ್ನ! ಆದರೆ ಅಲ್ಲಿ ‘ನಾವು’ ಎಂದವರು ಜಮೀನುಳ್ಳ ಕುಲೀನರು. 1520ರಲ್ಲಿ ಇದೇ ಕುಲೀನರ ಸಂಸತ್ತಿನ ಕಾಲದಲ್ಲೇ ರೈತರು ಒಡೆಯನ ಹೊಲದಲ್ಲಿ ವಾರಕ್ಕೆ ಕನಿಷ್ಠ 1 ದಿನ ಬಿಟ್ಟಿ ಚಾಕರಿ ಮಾಡಬೇಕೆಂದು ಕಟ್ಟಳೆಯಾಯಿತು. ರೈತರನ್ನು ಯಾರು ಕೇಳಿದರು?

ಹಾಗಾಗಿ ಇಂಥ ಹೆಸರು ಕಂಡಾಗಲೆಲ್ಲ, ಸ್ವಾಮಿ, ಈ ‘ನಾವು’ ಎಂದರೆ ಯಾರು ಎಂದು ಕೇಳುವ ಚಪಲ ನನಗೆ. ನಮ್ಮ ದೇಶದ 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿದೆ. ಅಷ್ಟೂ ಬಗೆಯವರು ಒಂದೇ ಬಾಗಿಲ ಮುಂದೆ ನಿಂತರೆ ಒಂದೇ ಮಾತು ಹೇಳುವುದಿಲ್ಲ. ಫುಟ್‌ಪಾತಿನ ಅಂಚನ್ನು ಇಳಿಜಾರು ಮಾಡಿ ಎನ್ನುತ್ತಾರೆ ಗಾಲಿಕುರ್ಚಿಯವರು. ಮಾಡಿದರೋ, ರಸ್ತೆ ಎಲ್ಲಿ ಶುರುವಾಯಿತೆಂದು ಬಿಳಿ ಕೋಲಿಗೆ ತಿಳಿಸುತ್ತಿದ್ದ ಅಂಚೇ ಮಾಯ! ಅದಕ್ಕೆಂದು ಅಲ್ಲಿ ಉಬ್ಬುಚುಕ್ಕಿಯ ಟೈಲ್ಸ್ ಹಾಕಬೇಕು. ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ್ದು ಅದು. 1967ರಲ್ಲಿ ಒಕಾಯಾಮಾದ ರಸ್ತೆಯಲ್ಲಿ ಮೊದಲ ಸಲ ಹಾಸಿದರು. ಈಗ ನಮ್ಮ ಮೆಟ್ರೊ ಪ್ಲಾಟ್‌ಫಾರಂಗಳಲ್ಲಿ ಹಳದಿ ಬಣ್ಣದಲ್ಲಿ ನಾವೆಲ್ಲ ತುಳಿದು ಓಡಾಡುವುದೂ ಅದನ್ನೇ. ಕೋಲಿನವರಿಗೆ ಅನುಕೂಲವಾಯಿತು. ಅದೇ ಚುಕ್ಕಿಗಳ ಮೇಲೆ ಗಾಲಿಕುರ್ಚಿ ಗಡಗಡ ಕುಲುಕಿದಾಗ ಬೆನ್ನು ನೋಯುವವರು ಇನ್ನೊಬ್ಬರು. ಚುಕ್ಕಿ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಅಗಲ ಎಂಬುದನ್ನು ಇಬ್ಬರೂ ಆ ಮೂಲೆಯಲ್ಲೇ ನಿಂತು ಜಗಳವಾಡಿ ಇತ್ಯರ್ಥ ಮಾಡಿಕೊಳ್ಳಬೇಕು. ಆ ಜಗಳ ನಡೆಸಿಕೊಡುವುದೇ ಸಲಹೆಗಾರರ ಅಸಲು ಕೆಲಸ ಎಂದು ನನ್ನ ಎಣಿಕೆ. ಉಳಿದದ್ದಕ್ಕೆ ಟೇಪು ಸಾಕು: 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು, ಯಾವ ಮೇಸ್ತ್ರಿಗೂ ಬರುವ ಲೆಕ್ಕ. (ಲೆಕ್ಕ ಬಂದರೂ ಬಹಳ ಕಡೆ ಜಾರುಬಂಡೆಯನ್ನೇ ಕಟ್ಟಿಟ್ಟಿರುತ್ತಾರೆ, ಆ ಮಾತು ಬೇರೆ.)

ದುಡ್ಡಿನ ಪ್ರಶ್ನೆಯೂ ಒಂದಿದೆ. ಲ್ಯಾಟಿನ್ ಹೆಸರಿನವರ ಕಚೇರಿಗೆ ಹೋದರೆ ನಾನು ಫಲಕದ ಅರ್ಥ ಕೇಳುವ ಬದಲು ಸಂಬಳದ ಪಟ್ಟಿ ಕೇಳಿಯೇನು. ಏಕೆಂದರೆ ನಮ್ಮ ಕಡೆ ನಕ್ಷೆ ನೋಡಿ ಸಹಿ ಹಾಕಿದ ಎಂಜಿನಿಯರಿಗೆ ಫೀಸು ಸಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಬಂದು ಮಹಡಿ ಮಹಡಿ ಸುತ್ತಿ, ‘ಈ ಶೌಚಾಲಯದ ಬಾಗಿಲು ಒಳಕ್ಕೆ ತೆರೆದರೆ ನಾನು ಚಿಲಕ ಹಾಕಿಕೊಳ್ಳುವುದು ಹೇಗೆ ಸಾರ್?’ ಎಂದು ತೋರಿಸಿಕೊಟ್ಟವರಿಗೆ ಶಾಲು, ಹಾರ, ಅರ್ಧ ಲೋಟ ಕಾಫಿ.