ಮಿರಗಿನ ಮೀನು

ನಮ್ಮ ಮನೆಯಲ್ಲಿ ನನ್ನ ಎದೆಯ ಸದ್ದಿಗೆ ಎಲ್ಲರೂ ಹಕ್ಕುದಾರರು. ನಡುರಾತ್ರಿ ಅದು ಸಿಳ್ಳೆ ಹಾಕತೊಡಗಿತೆಂದರೆ ಅಡುಗೆಮನೆಯ ದೀಪ ಹತ್ತುತ್ತಿತ್ತು. ಆಯಿ ಹಿತ್ತಲಿನಿಂದ ದೊಡ್ಡಪತ್ರೆ ಕಿತ್ತು ತಂದು, ಕೆಂಡದ ಮೇಲೆ ಬಾಡಿಸಿ, ರಸ ಹಿಂಡುತ್ತಿದ್ದಳು. ಅವ್ವ ಎಕ್ಕದ ಎಲೆಗೆ ಎಣ್ಣೆ ಸವರಿ ಬೆಚ್ಚಗೆ ಮಾಡಿ ಎದೆಗೆ ಹಚ್ಚುತ್ತಿದ್ದಳು. ಅಪ್ಪನಿಗೆ ಯಾವ ವಿದ್ಯೆಯೂ ಬಾರದು. ಅವನು ಎದ್ದು ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ.

ಬಂದ ನೆಂಟರೆಲ್ಲ ಮುಯ್ಯಿ ಮಾಡಿದಂತೆ ಒಂದೊಂದು ಮದ್ದು ಹೇಳಿಹೋಗುತ್ತಿದ್ದರು. ಹಿಪ್ಪಲಿ, ಜ್ಯೇಷ್ಠಮಧು, ಆಡುಸೋಗೆ ಕಷಾಯ. ಬಾಳೆಹಣ್ಣು ಬಿಡಿಸಿದವರೊಬ್ಬರು, ಮೊಸರು ಬಿಡಿಸಿದವರೊಬ್ಬರು. ದೂರದ ಮಾವನೊಬ್ಬ ತಂದ ಹೆಸರಿಲ್ಲದ ಬಿಳಿ ಪುಡಿಯಂತೂ ಮೂರೇ ದಿನದಲ್ಲಿ ಪವಾಡ ಮಾಡಿತು. ಆಯಿ ಆ ಪೊಟ್ಟಣವನ್ನು ದೇವರ ಜಗಲಿಯ ಮೇಲಿಟ್ಟಳು. ಎರಡು ತಿಂಗಳಿಗೆ ನನ್ನ ಮುಖ ಪೂರಿಯಂತೆ ಉಬ್ಬಿತು. "ಇದರಾಗ ಸ್ಟಿರಾಯ್ಡ್ ಕಲಸ್ಯಾರ್ರೀ" ಎಂದು ಡಾಕ್ಟರು ಅಪ್ಪನಿಗೆ ಉಗಿದು, ಅದನ್ನು ಒಮ್ಮೆಗೇ ನಿಲ್ಲಿಸದೆ ನಿಧಾನವಾಗಿ ಬಿಡಿಸಿದರು. ಅವರು ಬರೆದುಕೊಟ್ಟ ಉಸಿರೆಳೆಯುವ ಪಂಪನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಪಂಪು ಚಟ ಹಿಡಿಯುತ್ತದಂತೆ! ಪುಡಿ ಹಿಡಿಯುವುದಿಲ್ಲ.

ಆ ಮೇಲೆ ಉಳಿದದ್ದು ಹೈದರಾಬಾದಿನ ಮೀನು. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವ ದಿನ ದೂದ್‌ಬೌಲಿಯ ಬತ್ತಿನಿ ಗೌಡ ಮನೆತನದವರು ಗೂರಲಿಗೆ ಪುಕ್ಕಟೆ ಔಷಧ ಕೊಡುತ್ತಿದ್ದರು. 1845ರಲ್ಲಿ ಒಬ್ಬ ಸಾಧು ಅವರ ಹಿರಿಯರಿಗೆ ಹೇಳಿಕೊಟ್ಟನೆಂದು ಪ್ರತೀತಿ. ಹಳದಿ ಲೇಹ್ಯವನ್ನು ಬೆರಳುದ್ದದ ಜೀವಂತ ಕೊರಮೀನಿನ ಬಾಯಿಗೆ ತುರುಕಿ, ಆ ಮೀನನ್ನೇ ರೋಗಿಯ ಗಂಟಲಿಗೆ ಇಳಿಬಿಡುವುದು. 45 ದಿನ ಪಥ್ಯ, ಮೂರು ವರ್ಷ ಬಿಡದೆ ಬರಬೇಕು. ಲಿಂಗ ಕಟ್ಟಿದ ಮನೆ ನಮ್ಮದು, ತತ್ತಿಯ ಹೆಸರನ್ನೂ ಮೆಲ್ಲಗೆ ಹೇಳುವವರು. "ಮೀನ ಬ್ಯಾಡಂದವರಿಗಿ ಬೆಲ್ಲದಾಗ ಕೊಡತಾರಂತ, ಹೋಗಿ ಬರ್ರಿ" ಎಂದಳು ಆಯಿ.

ಗುಲ್ಬರ್ಗಾದಿಂದ ವಾಡಿ, ತಾಂಡೂರು ದಾಟುವವರೆಗೆ ಅಪ್ಪ ಬೆಲ್ಲದ ಪಕ್ಷವೇ ಆಗಿದ್ದ. ದೂದ್‌ಬೌಲಿಯ ಓಣಿ ತುಂಬ ಕೆಮ್ಮುವ ಮಕ್ಕಳು, ಅವರನ್ನು ಹೆಗಲಿಗೇರಿಸಿಕೊಂಡ ಅಪ್ಪಂದಿರು. ಸಾಲಿನಲ್ಲಿ ಮುಂದಿದ್ದವರ ಕೈಯಲ್ಲೆಲ್ಲ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಒಳಗೆ ಕರಿಯ ಮೀನಿನ ಮಿಣುಕು. ಅಪ್ಪ ಬಹಳ ಹೊತ್ತು ನೋಡಿದ.

"ಬೆಲ್ಲದಾಗ ಕಸುವು ಕಮ್ಮಿ ಇದ್ದರ?" ಎಂದ, ನನಗಲ್ಲ, ತನಗೇ.

ಮೀನು ಕೊಳ್ಳುವಾಗ ಅವನ ಕೈ ನಡುಗುತ್ತಿತ್ತು. ಅದು ನನ್ನ ಗಂಟಲಲ್ಲಿ ಒಮ್ಮೆ ಬಾಲ ಬಡಿದು ಇಳಿದುಹೋಯಿತು. ಗಾಬರಿಗೊಂಡದ್ದು ನಾನೋ ಅದೋ, ಹೇಳಲಾರೆ. ಹೊರಗೆ ಬಂದವನೇ ಅಪ್ಪ ನಳದ ಕೆಳಗೆ ಮೊಣಕೈವರೆಗೂ ತೊಳೆದುಕೊಂಡು, "ಆಯಿಗಿ ಬೆಲ್ಲ ಅಂತ ಹೇಳು" ಎಂದ. ಮೂರು ವರ್ಷ ಮೂರು ಬೆಲ್ಲ ನುಂಗಿದೆ.

ಹದಿನಾಲ್ಕರ ಹೊತ್ತಿಗೆ ಉಬ್ಬಸ ಹಿಂದೆ ಸರಿಯಿತು. ಬಹಳ ಮಕ್ಕಳಲ್ಲಿ ಆ ವಯಸ್ಸಿಗೆ ಹಾಗೆ ಆಗುವುದುಂಟು. ಅದು ತಿಳಿಯದ ನಮ್ಮ ಮನೆಯಲ್ಲಿ ಕೀರ್ತಿ ಹಂಚಿಕೆಯಾಯಿತು: ಆಯಿಯದು ಬೆಲ್ಲಕ್ಕೆ, ಅವ್ವನದು ಎಕ್ಕದ ಎಲೆಗೆ. ಅಪ್ಪ ಸುಮ್ಮನಿದ್ದ. ಕಾಲೇಜು ಸೇರಿದ ಮೇಲೆ ನಾನು ಆಡುಸೋಗೆಯನ್ನು ನೆನೆದೂ ನಕ್ಕೆ. ಕೆಮ್ಮಿನ ಸಿರಪ್ಪಿನ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಆ ಗಿಡದ ವ್ಯಾಸಿಸಿನ್‌ನಿಂದ ಎಂದು ಓದಿದ ದಿನ ಕ್ಷಮೆ ಕೇಳೋಣವೆಂದರೆ ಆಯಿ ಇರಲಿಲ್ಲ. ಕಫ ಸಡಿಲಾಗುವುದು ಬೇರೆ, ಬಿಗಿದ ಶ್ವಾಸನಾಳ ತೆರೆಯುವುದು ಬೇರೆ, ನಿಜ. ಆದರೆ ಆ ಮಾತನ್ನೂ ಅವಳೆದುರಿಗೇ ಆಡಬೇಕಿತ್ತು.

ಅಪ್ಪ ಬ್ಯಾಳಿ ಮಿಲ್ಲಿನಲ್ಲಿ ಗುಮಾಸ್ತ. ಸಂಜೆ ಬಂದವನೇ ಅಂಗಿ ಬದಲಿಸದೆ ನನ್ನನ್ನು ಎತ್ತಿ ಎದೆಗೊರಗಿಸಿಕೊಳ್ಳುತ್ತಿದ್ದ, ಉಸಿರು ಕೇಳಲಿಕ್ಕೆ. ಆ ಅಂಗಿಯಲ್ಲಿ ತೊಗರಿ ಹೊಟ್ಟಿನ ಧೂಳು ಇರುತ್ತಿತ್ತು. ಧಾನ್ಯದ ಧೂಳು ಉಬ್ಬಸ ಕೆರಳಿಸುತ್ತದೆಂದು ಬಹಳ ತಡವಾಗಿ ತಿಳಿದೆ. ಅವನಿಗೆ ಹೇಳಲಿಲ್ಲ.

ಕಡೆಯ ವರ್ಷಗಳಲ್ಲಿ ಅದೇ ಧೂಳು ಅವನ ಎದೆಯಲ್ಲೂ ಸಿಳ್ಳೆ ಹಾಕಿತು. ಪಂಪಿಗೆ ಸ್ಪೇಸರ್ ಜೋಡಿಸಿ ಬಾಯಿಗೆ ಹಿಡಿದರೆ ಮಗುವಿನಂತೆ ಮುಖ ತಿರುಗಿಸುತ್ತಿದ್ದ. ಒಂದು ರಾತ್ರಿ ಆ ಪಾರದರ್ಶಕ ಕೊಳವೆಯನ್ನು ದೀಪಕ್ಕೆ ಹಿಡಿದು, ಒಳಗೆ ಇಣುಕಿ, ಏದುಸಿರಿನಲ್ಲೇ ಕೇಳಿದ:

"ಇದರಾಗ ಮೀನ ಅದ ಏನೋ?"

"ಇಲ್ಲಪ್ಪ, ಬೆಲ್ಲ" ಎಂದೆ.

ನಕ್ಕ. ನಗುವಾಗ ಕೆಮ್ಮು ಬಂತು. ನಾನೆದ್ದು ಗಡಿಯಾರದ ಕಡೆ ನೋಡಿದೆ. ಅದು ಈಗ ಸೆಲ್ಲಿನದು, ಕೀಲಿ ಕೊಡುವಂತಿಲ್ಲ.